ಮಾಡೆಲರ್‌ನಲ್ಲಿ ಬೇಸ್ ಸದ್ದು ಕೆಟ್ಟು ಬರುತ್ತಿದೆಯೇ? ದೋಷ ಎಲ್ಲಿದೆ ಅಂತ ಹೀಗೆ ಹುಡುಕಿ

ಮಾಡೆಲರ್ ಅಂದರೆ ನಿಜವಾದ ಆಂಪ್ ಮತ್ತು ಅದರ ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಯಂತ್ರ ಇಲ್ಲವೇ ಸಾಫ್ಟ್‌ವೇರ್. ಮುಂಬೈಯಲ್ಲಿ ಬೇಸ್ ಗಿಟಾರ್ ನುಡಿಸುವ ನಮ್ಮವರು ಮಾಡೆಲರ್ ಹಿಡಿಯಲು ಕಾರಣ ಸರಳ. ಡೊಂಬಿವ್ಲಿಯ ಒಂದು ರೂಮು, ಒಂದು ಅಡುಗೆಮನೆಯ ಫ್ಲ್ಯಾಟ್‌ನಲ್ಲಿ 300 ವಾಟ್‌ನ ವಾಲ್ವ್ ಆಂಪ್ ಮತ್ತು ಎಂಟು ಸ್ಪೀಕರಿನ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಇಡಲು ಜಾಗವೇ ಇಲ್ಲ. ಇಟ್ಟರೂ ಪಕ್ಕದ ಮನೆಯವರು ನುಡಿಸಲು ಬಿಡುವುದಿಲ್ಲ. ಹಾಗಾಗಿ ಎಚ್‌ಎಕ್ಸ್ ಸ್ಟಾಂಪ್, ಝೂಮ್, ಬಾಸ್ ಕಂಪನಿಯ ಜಿಟಿ-1ಬಿ, ಇಲ್ಲವೇ ಲ್ಯಾಪ್‌ಟಾಪಿನಲ್ಲೇ ಓಡುವ ಪ್ಲಗಿನ್, ಯಾವುದೋ ಒಂದು ಬರುತ್ತದೆ. ಬಂದ ಮೇಲೆ ಸದ್ದು ಸರಿಯಿಲ್ಲ ಅನಿಸಿದರೆ ಎಲ್ಲರೂ ಮೊದಲು ಬೈಯುವುದು ಪ್ರೀಸೆಟ್‌ಗೆ, ಅಂದರೆ ಉಳಿಸಿಟ್ಟ ಸೆಟ್ಟಿಂಗ್‌ಗೆ. "ಅಣ್ಣಾ, ಬೇರೆ ಒಳ್ಳೆ ಐಆರ್ ಇದ್ದರೆ ಕಳಿಸಿ" ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಐಆರ್ ಅಂದರೆ ಒಂದು ಕ್ಯಾಬ್‌ನ ಸದ್ದಿನ ಗುಣ ಹಿಡಿದಿಟ್ಟ ಫೈಲು.

ನಾನು ಕೇಳಿದ ಕೆಟ್ಟ ಬೇಸ್ ಟ್ರ್ಯಾಕ್‌ಗಳಲ್ಲಿ ಆಂಪ್ ಮಾಡೆಲ್ಲೇ ತಪ್ಪು ಅನ್ನುವಂಥದ್ದು ತೀರಾ ಕಡಿಮೆ. ದೋಷ ಒಂದೋ ಮಾಡೆಲ್‌ಗೆ ಮೊದಲೇ ಇರುತ್ತದೆ, ಅಂದರೆ ಬ್ಯಾಟರಿ, ಕೇಬಲ್, ಇನ್‌ಪುಟ್, ಕರೆಂಟು. ಇಲ್ಲವೇ ಅದರ ಆಚೆ, ನಾವು ಕೇಳುವ ಸ್ಪೀಕರ್ ಮತ್ತು ಕೋಣೆಯಲ್ಲಿ. ಹಳಸಿದ ಅನ್ನಕ್ಕೆ ಎಷ್ಟು ಒಗ್ಗರಣೆ ಹಾಕಿದರೂ ಅಷ್ಟೇ ಅಲ್ವಾ, ಐಆರ್ ಬದಲಾಯಿಸುತ್ತಾ ಕೂತರೆ ಆಗುವುದೂ ಅದೇ.

ಎಲ್ಲಕ್ಕಿಂತ ಮೊದಲು ಡ್ರೈ ಟ್ರ್ಯಾಕ್

ಪ್ರತಿ ಸಲವೂ ಎರಡು ಟ್ರ್ಯಾಕ್ ರೆಕಾರ್ಡ್ ಮಾಡಿ. ಒಂದು ಆಂಪ್ ಸದ್ದಿನದ್ದು, ಇನ್ನೊಂದು ಏನೂ ಸೇರಿಸದ ಡ್ರೈ. ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಯುಎಸ್‌ಬಿ 5/6 ಚಾನಲ್‌ನಲ್ಲಿ ಡ್ರೈ ಸಿಗ್ನಲ್ ಸಿಗುತ್ತದೆ, ಹೊಸ ಟ್ರ್ಯಾಕ್ ಮಾಡಿ ಅದನ್ನು ಇನ್‌ಪುಟ್ ಆಗಿ ಆರಿಸಿದರೆ ಸಾಕು. ಪ್ಲಗಿನ್ ಬಳಸುವವರಿಗೆ ಇದು ಇನ್ನೂ ಸುಲಭ, ರೆಕಾರ್ಡ್ ಆಗುವುದೇ ಡ್ರೈ, ಪ್ಲಗಿನ್ ಆಫ್ ಮಾಡಿದರೆ ಕೇಳುತ್ತದೆ.

ಈಗ ಒಂದು ಪರೀಕ್ಷೆ ತುಣುಕು ರೆಕಾರ್ಡ್ ಮಾಡಿ. ಮೊದಲು ಐದಾರು ಸೆಕೆಂಡು ಏನೂ ನುಡಿಸದೆ ತಂತಿಗಳ ಮೇಲೆ ಕೈ ಇಟ್ಟು ಸುಮ್ನೆ ಕೂರಿ. ಆಮೇಲೆ ನಾಲ್ಕೂ ತಂತಿಗಳನ್ನು ಓಪನ್ ಆಗಿ ನುಡಿಸಿ, ಒಂದೊಂದನ್ನೂ ಪೂರ್ತಿ ಸಾಯುವ ತನಕ ಬಿಡಿ. ಕೊನೆಗೆ ಹಾಡಿನಲ್ಲಿ ಎಷ್ಟು ಜೋರಾಗಿ ನುಡಿಸುತ್ತೀರೋ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಜೋರಾಗಿ ಒಂದು ಲೈನ್. ಇದನ್ನು ಹೆಡ್‌ಫೋನ್‌ನಲ್ಲಿ ಡ್ರೈ ಆಗಿಯೇ ಕೇಳಿ. ದೋಷ ಇಲ್ಲೇ ಕೇಳಿಸಿತಾ? ಹಾಗಾದರೆ ಮಾಡೆಲರ್ ಸೆಟ್ಟಿಂಗ್ ಮುಟ್ಟಲೇಬೇಡಿ, ಅಲ್ಲಿ ಏನೂ ಸಿಗುವುದಿಲ್ಲ. ಡ್ರೈ ಟ್ರ್ಯಾಕ್ ಚೊಕ್ಕವಾಗಿದ್ದರೆ ಮಾತ್ರ ಮಾಡೆಲರ್‌ನ ಬ್ಲಾಕ್‌ಗಳನ್ನು (ಆಂಪ್, ಕ್ಯಾಬ್, ಎಫೆಕ್ಟ್ ಒಂದೊಂದೂ ಒಂದು ಬ್ಲಾಕ್) ಕೊನೆಯಿಂದ ಒಂದೊಂದಾಗಿ ಬೈಪಾಸ್ ಮಾಡುತ್ತಾ ಹಿಂದಕ್ಕೆ ಬನ್ನಿ. ಯಾವುದನ್ನು ಆಫ್ ಮಾಡಿದಾಗ ತೊಂದರೆ ಮಾಯವಾಗುತ್ತದೋ ಅಲ್ಲಿ ನಿಲ್ಲಿ. ಡ್ರೈ ಬೇಸ್ ಕೇಳಲು ಬೋಳಾಗಿಯೇ ಇರುತ್ತದೆ, ಚೆನ್ನಾಗಿಲ್ಲ ಅಂತ ಗಾಬರಿ ಬೇಡ. ನಾವು ಹುಡುಕುತ್ತಿರುವುದು ಗುಂಯ್ ಶಬ್ದ, ಒಡಕು, ಚಟಪಟ ಮತ್ತು ಸ್ವರ ಸ್ವರಕ್ಕೆ ಬದಲಾಗುವ ಮಟ್ಟ.

ಗುಂಯ್ ಅನ್ನುವ ಹಮ್

ನಮ್ಮ ಊರುಗಳಲ್ಲಿ ಅತಿ ಜಾಸ್ತಿ ಕಾಡುವುದು ಇದೇ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಬೇಸ್‌ನ ಇ ತಂತಿಯಲ್ಲಿ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಓಪನ್ ಜಿ ತಂತಿ 98 ಹರ್ಟ್ಸ್, ಹಮ್‌ನ ಎರಡನೇ ಪಟ್ಟು 100. ಅಂದರೆ ಹಮ್ ಬಂದು ಕೂರುವುದು ಸರಿಯಾಗಿ ನಮ್ಮ ಜಿ ಸ್ವರದ ಪಕ್ಕದಲ್ಲಿ. 60 ಹರ್ಟ್ಸ್ ಕರೆಂಟಿನ ಅಮೆರಿಕದವರು ಈಕ್ಯೂನಲ್ಲಿ (ಬೇರೆ ಬೇರೆ ಹರ್ಟ್ಸ್‌ನ ಸದ್ದನ್ನು ಏರಿಸಿ ಇಳಿಸುವ ಸಾಧನ) ಹಮ್ ಕತ್ತರಿಸುವುದು ಹೇಗೆ ಅಂತ ಮಾಡಿದ ವಿಡಿಯೋ ನೋಡಿ ಅದೇ ಅಂಕಿ ಹಾಕಿದರೆ ಹಮ್ ಹೋಗುವುದಿಲ್ಲ. ಅಂಕಿ ಸರಿ ಮಾಡಿಕೊಂಡು 50ರಲ್ಲಿ ಕತ್ತರಿಸಿದರೆ ಜಿ ಸ್ವರವೇ ಸೊರಗುತ್ತದೆ. ಆದ್ದರಿಂದ ಹಮ್ ಹುಟ್ಟುವ ಜಾಗದಲ್ಲೇ ಅದನ್ನು ನಿಲ್ಲಿಸಬೇಕು.

ಬೇಸ್‌ನ ವಾಲ್ಯೂಮ್ ನಾಬ್ ಸೊನ್ನೆಗೆ ಇಳಿಸಿ. ಶಬ್ದ ಹೋಯಿತು ಅಂದರೆ ಅದು ಪಿಕಪ್ (ತಂತಿಯ ಅದುರುವಿಕೆಯನ್ನು ಸಿಗ್ನಲ್ ಮಾಡುವ ಭಾಗ) ಹಿಡಿಯುತ್ತಿರುವ ಶಬ್ದ. ಕುರ್ಚಿಯಲ್ಲಿ ಕೂತಲ್ಲೇ ನಿಧಾನವಾಗಿ ತಿರುಗಿ, ಯಾವುದೋ ಒಂದು ದಿಕ್ಕಿನಲ್ಲಿ ಅದು ಕಡಿಮೆ ಆಗುತ್ತದೆ. ಜಾಝ್ ಬೇಸ್ ಆಗಿದ್ದರೆ ಎರಡೂ ವಾಲ್ಯೂಮ್ ಪೂರ್ತಿ ಏರಿಸಿ ನೋಡಿ. ಅದರ ಎರಡು ಸಿಂಗಲ್ ಕಾಯಿಲ್‌ಗಳು ಒಂದರ ಹಮ್ ಅನ್ನು ಇನ್ನೊಂದು ರದ್ದು ಮಾಡುತ್ತವೆ. ಒಂದನ್ನು ಇಳಿಸಿದ ಕೂಡಲೇ ಹಮ್ ವಾಪಸ್. ಪ್ರಿಸಿಶನ್ ಬೇಸ್‌ಗೆ 1957ರಲ್ಲಿ ಬಂದ ಸ್ಪ್ಲಿಟ್ ಪಿಕಪ್‌ನಲ್ಲಿ ಈ ಕಾಟ ಇಲ್ಲ. ಆಮೇಲೆ ಕೋಣೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆಫ್ ಮಾಡಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮೇಲೆ ನನಗೆ ಮೊದಲ ಅನುಮಾನ. ಎರಡು ಮೂರರಲ್ಲಿ ಇಟ್ಟರೆ ಝರ್ ಅನ್ನುತ್ತದೆ, ಪೂರ್ತಿ ಐದಕ್ಕೆ ಇಟ್ಟರೆ ಇಲ್ಲವೇ ಆಫ್ ಮಾಡಿದರೆ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಮುಂಬೈ ಸೆಕೆಯಲ್ಲಿ ಫ್ಯಾನಿಲ್ಲದೆ ಕೂರುವುದು ಕಷ್ಟವೇ, ಆದರೂ ಒಂದು ಟೇಕ್‌ನಷ್ಟು ಹೊತ್ತು ತಡೆದುಕೊಳ್ಳಿ. ಅಗ್ಗದ ಎಲ್‌ಇಡಿ ಬಲ್ಬು, ಹಳೆ ಟ್ಯೂಬ್‌ಲೈಟಿನ ಚೋಕು, ಮೊಬೈಲ್ ಚಾರ್ಜರ್ ಇವೂ ಇದೇ ಗುಂಪಿನವು.

ವಾಲ್ಯೂಮ್ ಸೊನ್ನೆ ಮಾಡಿದರೂ ಶಬ್ದ ಹಾಗೇ ಇದ್ದರೆ ಅದು ಪಿಕಪ್‌ನಿಂದ ಬಂದದ್ದಲ್ಲ. ಈಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ನಿಂತಿತಾ? ಹಾಗಾದರೆ ಗ್ರೌಂಡ್ ಲೂಪ್ ಇಲ್ಲವೇ ಚಾರ್ಜರಿನ ಸೋರಿಕೆ. ಮಾಡೆಲರ್ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಸೇರಿರುತ್ತದೆ, ಅದರ ಔಟ್‌ಪುಟ್ ಮಾನಿಟರ್ ಸ್ಪೀಕರಿಗೆ ಹೋಗಿರುತ್ತದೆ, ಮೂರೂ ಬೇರೆ ಬೇರೆ ಸಾಕೆಟ್‌ನಿಂದ ಕರೆಂಟು ತೆಗೆದುಕೊಳ್ಳುತ್ತವೆ, ಹೀಗೆ ಗ್ರೌಂಡ್ ಒಂದು ಸುತ್ತು ಹಾಕಿ ಬಂದು ಆ ಸುತ್ತಿನಲ್ಲಿ ಹಮ್ ಓಡಾಡುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಅದೂ ಸಾಲದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮುಂದಿನ ಯಂತ್ರಕ್ಕೆ ಹೊಂದಿಸುವ ಸಣ್ಣ ಪೆಟ್ಟಿಗೆ) ಒಂದನ್ನು ನಡುವೆ ಹಾಕಿ ಗ್ರೌಂಡ್ ಲಿಫ್ಟ್ ಒತ್ತಿ. ಕೀಯ್ ಅಂತ ಸಣ್ಣ ಸ್ವರದಲ್ಲಿ ಬಂದು, ಮೌಸ್ ಆಡಿಸಿದಾಗ ಬದಲಾಗುವ ಶಬ್ದವಾದರೆ ಅದು ಯುಎಸ್‌ಬಿ ಕಡೆಯಿಂದ ಬರುವುದು. ಪೋರ್ಟ್ ಬದಲಾಯಿಸಿ, ಹಬ್ ತೆಗೆಯಿರಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಮಾತು ಕೇಳಿ. ಹಮ್ ಹೋಗಲಿ ಅಂತ ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿಯುವುದು, ಅದರ ಮೇಲೆ ಟೇಪ್ ಸುತ್ತುವುದು ಖಂಡಿತ ಬೇಡ. ಹಳೆ ಚಾಳುಗಳಲ್ಲಿ, ಹಳೆ ಬಿಲ್ಡಿಂಗ್‌ಗಳಲ್ಲಿ ಸಾಕೆಟ್‌ಗೆ ಮೂರು ತೂತು ಇದ್ದರೂ ಹಿಂದೆ ಅರ್ತ್ ತಂತಿಯೇ ಇಲ್ಲದಿರುವುದು ಉಂಟು. ತಂತಿ ಮುಟ್ಟಿದಾಗ ಹಮ್ ಸ್ವಲ್ಪ ಕಡಿಮೆ ಆದರೆ ಅದು ಸಹಜ. ಮುಟ್ಟಿದಾಗ ಜಾಸ್ತಿ ಆದರೆ ಬೇಸ್ ಒಳಗಿನ ಗ್ರೌಂಡ್ ವೈರ್ ನೋಡಬೇಕು. ಕೈಗೆ ಜುಮ್ ಅನ್ನಿಸಿದರೆ ಅಲ್ಲಿಗೇ ನುಡಿಸುವುದನ್ನು ನಿಲ್ಲಿಸಿ. ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್‌ನಿಂದಲೂ ಸಣ್ಣಗೆ ಜುಮ್ ಅನ್ನುವುದುಂಟು, ಆದರೆ ಅದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ರೆಕಾರ್ಡಿಂಗ್ ನಾಳೆಯೂ ಮಾಡಬಹುದು.

ಹಮ್ ಪೂರ್ತಿ ಹೋಗದೆ ಚೂರು ಉಳಿದರೆ ಕಂಪ್ರೆಸರ್ (ಜೋರು, ಮೆಲ್ಲಗಿನ ಅಂತರ ಕಡಿಮೆ ಮಾಡುವುದು) ಮತ್ತು ಡ್ರೈವ್ (ಬೇಕೆಂದೇ ಸದ್ದು ಒಡೆಯುವುದು) ಅದನ್ನು ಎತ್ತಿ ತೋರಿಸುತ್ತವೆ. ಮಟ್ಟ ಇಳಿದಾಗ ಸದ್ದು ಮುಚ್ಚುವ ನಾಯ್ಸ್ ಗೇಟ್ ಹಾಕುವುದಾದರೆ ಅವುಗಳಿಗಿಂತ ಮೊದಲು ಹಾಕಿ, ಅದೂ ಹಗುರವಾಗಿ. ಉದ್ದದ ಸ್ವರದ ಬಾಲ ಕತ್ತರಿಸಿ ಹೋಗುವುದಕ್ಕಿಂತ ಸ್ವಲ್ಪ ಹಮ್ ವಾಸಿ.

ಒಡಕು ಸದ್ದು, ಮಂಕು ಸದ್ದು

ಜೋರಾಗಿ ನುಡಿಸಿದಾಗ ಮಾತ್ರ ಡ್ರೈ ಟ್ರ್ಯಾಕ್ ಒಡೆಯುತ್ತಿದ್ದರೆ ಎರಡು ಕಾರಣ ಇರಬಹುದು. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ಓಡುವ ಸರ್ಕ್ಯೂಟ್ ಇರುವುದು) ಆಗಿದ್ದರೆ ಮೊದಲು 9 ವೋಲ್ಟ್ ಬ್ಯಾಟರಿ ಬದಲಾಯಿಸಿ. ಸಾಯುತ್ತಿರುವ ಬ್ಯಾಟರಿ ಮೆಲ್ಲನೆ ನುಡಿಸಿದಾಗ ಏನೂ ಗೊತ್ತಾಗುವುದಿಲ್ಲ, ಜೋರಾಗಿ ಮೀಟಿದ ತಕ್ಷಣ ಪರ್ ಅನ್ನುತ್ತದೆ. ಬೇಸ್‌ಗೆ ಕೇಬಲ್ ಚುಚ್ಚಿದ ಕ್ಷಣದಿಂದಲೇ ಬ್ಯಾಟರಿ ಖರ್ಚಾಗಲು ಶುರು, ಆದ್ದರಿಂದ ರಾತ್ರಿ ಕೇಬಲ್ ಕಿತ್ತು ಮಲಗಿ. ಎರಡನೆಯದು ಇನ್‌ಪುಟ್ ಕ್ಲಿಪ್, ಅಂದರೆ ಮಟ್ಟ ಮಿತಿ ಮೀರಿ ಅಲೆಯ ತುದಿ ಕತ್ತರಿಸಿ ಹೋಗುವುದು. ಅತಿ ಜೋರಿನ ಸ್ವರಕ್ಕೂ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲುವಂತೆ ಗೇನ್ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮಟ್ಟ ಸ್ವಲ್ಪ ಕೆಳಗಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ, ಕೆಂಪು ದಾಟಿದರೆ ಮಾತ್ರ ಹೋದದ್ದು ಹೋಯಿತು.

ಪ್ಲಗಿನ್‌ನವರಿಗೆ ಇಲ್ಲಿ ಒಂದು ಸೂಕ್ಷ್ಮ ಇದೆ. ಡ್ರೈ ಟ್ರ್ಯಾಕ್ ಕ್ಲಿಪ್ ಆಗಿಲ್ಲ, ಆದರೂ ಕ್ಲೀನ್ ಆಂಪ್ ಹಾಕಿದರೂ ಒಡಕು. ಮಾಡೆಲ್ ಒಂದು ನಿರ್ದಿಷ್ಟ ಮಟ್ಟದ ಸಿಗ್ನಲ್ ನಿರೀಕ್ಷಿಸುತ್ತದೆ. ಇಂಟರ್‌ಫೇಸ್ (ಬೇಸ್ ಅನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ) ಗೇನ್ ಜಾಸ್ತಿ ಮಾಡಿದರೆ ನಿಜವಾದ ಆಂಪ್ ಮುಂದೆ ಬೂಸ್ಟರ್ ಇಟ್ಟ ಹಾಗಾಗುತ್ತದೆ, ಅದು ಬೇಗ ಒಡೆಯುತ್ತದೆ. ಪ್ಲಗಿನ್‌ನ ಇನ್‌ಪುಟ್ ನಾಬ್ ಇಳಿಸಿ ಕೇಳಿ. ನ್ಯೂರಲ್ ಆಂಪ್ ಮಾಡೆಲರ್‌ನಂಥ ಉಚಿತ ಪ್ಲಗಿನ್‌ನಲ್ಲಿ ಬೇರೆಯವರು ಮಾಡಿದ ಕ್ಯಾಪ್ಚರ್ (ನಿಜವಾದ ಆಂಪಿನಿಂದ ಮಾಡಿದ ಮಾಡೆಲ್ ಫೈಲು) ಹಾಕಿದಾಗ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಅದೇ ಫೈಲು ಒಬ್ಬರ ಮನೆಯಲ್ಲಿ ಬೆಣ್ಣೆ, ಇನ್ನೊಬ್ಬರ ಮನೆಯಲ್ಲಿ ಗರಗರ.

ಮಂಕು ಸದ್ದಿಗೆ ಮುಖ್ಯ ಕಾರಣ ತಪ್ಪು ಇನ್‌ಪುಟ್. ಪ್ಯಾಸಿವ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್ ಸಾಮಾನ್ಯವಾಗಿ 10 ಸಾವಿರ ಓಮ್ ಆಸುಪಾಸು. ಇಂಟರ್‌ಫೇಸ್‌ನ 'ಇನ್‌ಸ್ಟ್' (ಇನ್‌ಸ್ಟ್ರುಮೆಂಟ್) ಸ್ವಿಚ್ ಒತ್ತದೆ ಬಿಟ್ಟರೆ ಮೇಲಿನ ಸ್ವರಾಂಶ ಎಲ್ಲ ಸತ್ತು, ಕಂಬಳಿ ಹೊದಿಸಿದ ಸದ್ದು ಬರುತ್ತದೆ. ಗೆಳೆಯರ ಆಕ್ಟಿವ್ ಬೇಸ್ ಅದೇ ಇನ್‌ಪುಟ್‌ನಲ್ಲಿ ಸರಿಯಾಗಿ ಕೇಳಿಸಿ ನಿಮ್ಮ ಪ್ಯಾಸಿವ್ ಮಾತ್ರ ಮಂಕಾದರೆ ಬೇರೆ ಸಾಕ್ಷಿ ಬೇಡ. ಇದಕ್ಕೆ ಉಲ್ಟಾ, ಮಾಡೆಲರ್‌ನ ಔಟ್‌ಪುಟ್ ಅನ್ನು ಇಂಟರ್‌ಫೇಸ್‌ಗೆ ಹಾಕುವಾಗ ಲೈನ್ ಇನ್‌ಪುಟ್ಟೇ ಬೇಕು, 'ಇನ್‌ಸ್ಟ್' ಆಫ್ ಇರಲಿ, 48 ವೋಲ್ಟ್ ಫ್ಯಾಂಟಮ್ ಕೂಡ ಆಫ್ ಇರಲಿ.

ಅಡಾಪ್ಟರ್ ಬಗ್ಗೆಯೂ ಒಂದು ಮಾತು. ಎಚ್‌ಎಕ್ಸ್ ಸ್ಟಾಂಪ್‌ಗೆ 9 ವೋಲ್ಟ್, 3 ಆಂಪಿಯರ್, ನಡುವೆ ನೆಗೆಟಿವ್ ಇರುವ ಅಡಾಪ್ಟರ್ ಬೇಕು. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ 9 ವೋಲ್ಟ್ ಅಂತ ಕೇಳಿದರೆ ಅರ್ಧ ಆಂಪಿಯರಿನದ್ದೂ ಕೊಡುತ್ತಾರೆ, ಪಿನ್ ಕೂಡ ಕೂರುತ್ತದೆ, ಆದರೆ ಯಂತ್ರ ಆನ್ ಆಗುವುದಿಲ್ಲ, ಇಲ್ಲವೇ ನಡುವೆ ರೀಸ್ಟಾರ್ಟ್ ಆಗುತ್ತದೆ. ಕೊಳ್ಳುವಾಗ ವೋಲ್ಟ್, ಆಂಪಿಯರ್, ನಡುವಿನ ನೆಗೆಟಿವ್ ಮೂರನ್ನೂ ನೋಡಿ.

ಬೇಸ್‌ನಲ್ಲಿ ತಳವೇ ಇಲ್ಲ

ಇದು ಅತಿ ಸಿಕ್ಕಿನ ದೋಷ, ನಿಧಾನವಾಗಿ ಬಿಡಿಸಬೇಕು.

ಡ್ರೈ ಟ್ರ್ಯಾಕ್ ಒಂದೇ ಕೇಳಿದರೆ ತುಂಬಿಕೊಂಡಿದೆ, ಆಂಪ್ ಟ್ರ್ಯಾಕ್ ಒಂದೇ ಕೇಳಿದರೂ ತುಂಬಿಕೊಂಡಿದೆ, ಎರಡನ್ನೂ ಸೇರಿಸಿದ ಕೂಡಲೇ ತೆಳ್ಳಗಾಗುತ್ತದೆ. ಇದು ಫೇಸ್ ತೊಂದರೆ. ಒಂದರ ಅಲೆ ಮೇಲೇಳುವಾಗ ಇನ್ನೊಂದರದ್ದು ಕೆಳಗಿಳಿಯುತ್ತಿರುತ್ತದೆ. ಮೊದಲು ಒಂದು ಟ್ರ್ಯಾಕ್‌ನ ಪೊಲಾರಿಟಿ ಬಟನ್ (ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ. ತಳ ವಾಪಸ್ ಬಂದರೆ ಕೆಲಸ ಮುಗಿಯಿತು. ಪೂರ್ತಿ ಬಾರದೆ ಸದ್ದಿನ ಬಣ್ಣ ಮಾತ್ರ ಬದಲಾದರೆ ಒಂದು ಟ್ರ್ಯಾಕ್ ತಡವಾಗಿ ಬರುತ್ತಿದೆ. ಲೆಕ್ಕ ಸುಲಭ. 5 ಮಿಲಿಸೆಕೆಂಡ್ ತಡವಾದರೆ 100 ಹರ್ಟ್ಸ್ ರದ್ದಾಗುತ್ತದೆ, 10 ಮಿಲಿಸೆಕೆಂಡ್ ಆದರೆ 50 ಹರ್ಟ್ಸ್. ಎರಡೂ ಬೇಸ್‌ನ ಹೊಟ್ಟೆಯಲ್ಲೇ ಇವೆ. ಡ್ರೈ ಟ್ರ್ಯಾಕ್ ಅನ್ನು ಮತ್ತೆ ಮಾಡೆಲರ್‌ಗೆ ಕಳಿಸಿ ರೆಕಾರ್ಡ್ ಮಾಡಿದವರಿಗೆ, ಅಂದರೆ ರೀಆಂಪ್ ಮಾಡಿದವರಿಗೆ ಇದು ಹೆಚ್ಚಾಗಿ ಆಗುತ್ತದೆ. ಎರಡೂ ಟ್ರ್ಯಾಕ್‌ಗಳ ಅಲೆಯನ್ನು ದೊಡ್ಡದು ಮಾಡಿ ನೋಡಿ. ಮೊದಲ ಸ್ವರ ಶುರುವಾಗುವ ಜಾಗ ಎರಡರಲ್ಲೂ ಒಂದೇ ಗೆರೆಗೆ ಬರುವಂತೆ ತಡವಾದದ್ದನ್ನು ಹಿಂದಕ್ಕೆ ಎಳೆಯಿರಿ. ಆಮೇಲೆ ಕಣ್ಣು ಮುಚ್ಚಿ ಕಿವಿಯಿಂದ ಚೂರು ಆಚೀಚೆ ಸರಿಸಿ, ತಳ ಅತಿ ದಪ್ಪ ಅನಿಸುವ ಕಡೆ ಬಿಡಿ. ಕೊನೆಯ ಮಾತು ಕಿವಿಯದ್ದೇ.

ಫೇಸ್ ಸರಿ ಇದೆ, ಆದರೂ ತಳ ಇಲ್ಲ ಅಂದರೆ ಕ್ಯಾಬ್ ನೋಡಿ. ಗಿಟಾರಿನ ಕ್ಯಾಬ್‌ನ ಐಆರ್ ಹಾಕಿದ್ದರೆ ತಳ ಇರುವುದೇ ಇಲ್ಲ. ಬೇಸ್ ಕ್ಯಾಬ್ ಆದರೂ ಐಆರ್ ಉದ್ದ ನೋಡಿ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ಸ್ಯಾಂಪಲ್) 1024 ಸ್ಯಾಂಪಲ್ ಅಂದರೆ ಸುಮಾರು 21 ಮಿಲಿಸೆಕೆಂಡ್. ಓಪನ್ ಇ ತಂತಿ 41 ಹರ್ಟ್ಸ್, ಅದರ ಒಂದು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು. ಒಂದು ಸುತ್ತೂ ಹಿಡಿಸದ ಐಆರ್‌ನಿಂದ ತಳದ ಸೂಕ್ಷ್ಮ ಸರಿಯಾಗಿ ಬರುವುದು ಕಷ್ಟ. ಆಯ್ಕೆ ಇದ್ದರೆ 2048 ಇಡಿ. ಗಿಟಾರಿಗೆ ಇದು ದೊಡ್ಡ ವಿಷಯವಲ್ಲ, ನಮಗೆ ಹೌದು.

ಇದರ ಜೊತೆ ಇನ್ನೊಂದು ತಿಳಿದಿರಲಿ. ಎಲ್ಲರೂ ಆಸೆಪಡುವ ಆಂಪೆಗ್ ಎಸ್‌ವಿಟಿ 1969ರಲ್ಲಿ ಬಂದ ಆಂಪ್. ಅದರ ಜೊತೆಗಾರ ಎಸ್‌ವಿಟಿ-810ಇ ಕ್ಯಾಬ್ ಸುಮಾರು 58 ಹರ್ಟ್ಸ್ ಕೆಳಗೆ ಇಳಿಯಲು ಶುರು ಮಾಡುತ್ತದೆ, ಮೇಲೆ 5 ಕಿಲೋಹರ್ಟ್ಸ್ ಹತ್ತಿರ ಮುಗಿಯುತ್ತದೆ. ಅಂದರೆ ಆ ಕ್ಯಾಬ್‌ನಲ್ಲಿ ನಾವು ಮೆಚ್ಚುವ ಇ ಸ್ವರದ ಗತ್ತು ಬಹುಪಾಲು 82 ಮತ್ತು 123 ಹರ್ಟ್ಸ್‌ನ ಪಟ್ಟುಗಳಿಂದ ಬರುವುದು. ಮಾಡೆಲ್ ಅದನ್ನು ನಿಷ್ಠೆಯಿಂದ ಮಾಡಿದರೆ ಅತಿ ಕೆಳಗಿನ ತಳ ಕಡಿಮೆಯೇ ಇರಬೇಕು. ಅದು ದೋಷವಲ್ಲ. ಆ ತಳ ಬೇಕಿದ್ದರೆ ಡ್ರೈ ಟ್ರ್ಯಾಕ್ ಅನ್ನು ಪಕ್ಕದಲ್ಲಿ ಸ್ವಲ್ಪ ಬೆರೆಸಿ, ಮೇಲೆ ಹೇಳಿದಂತೆ ಫೇಸ್ ನೋಡಿಕೊಂಡು.

ಕೊನೆಗೆ ಕೋಣೆ. ಹತ್ತು ಅಡಿ ಗೋಡೆಯಿಂದ ಗೋಡೆಗೆ ಇರುವ ಬೆಡ್‌ರೂಮಿನಲ್ಲಿ ಸುಮಾರು 57 ಹರ್ಟ್ಸ್ ಗುಮ್ಮೆನ್ನುತ್ತದೆ. ಓಪನ್ ಎ ತಂತಿ 55, ಅದರ ಮೊದಲ ಫ್ರೆಟ್ 58. ಅವೆರಡು ಸ್ವರ ಮಾತ್ರ ಗೋಡೆ ಅದುರಿಸಿ ಉಳಿದವು ಸೊರಗಿದರೆ ಅದು ಕೋಣೆಯ ಕೆಲಸ. ಉದ್ದ, ಅಗಲ, ಎತ್ತರ ಮೂರೂ ಹತ್ತಿರ ಹತ್ತಿರ ಇದ್ದರೆ ಇನ್ನೂ ಕೆಡುತ್ತದೆ, ಮುಂಬೈಯ ಬೆಡ್‌ರೂಮುಗಳು ಹಾಗೇ ಇರುತ್ತವೆ. ಸರಿಯಾಗಿ ಕೋಣೆಯ ನಡುವೆ ಕೂತರೆ ಅದೇ ಸ್ವರ ಮಾಯವಾಗುತ್ತದೆ, ಗೋಡೆಗೆ ಅಂಟಿ ಕೂತರೆ ಉಕ್ಕುತ್ತದೆ. ಹೆಡ್‌ಫೋನ್ ಹಾಕಿದಾಗ ಎಲ್ಲ ಸ್ವರ ಸಮವಾಗಿದ್ದರೆ ಟ್ರ್ಯಾಕ್‌ನ ಈಕ್ಯೂ ಮುಟ್ಟಬೇಡಿ. ಕುರ್ಚಿ ಸರಿಸಿ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ತಳ ಇಲ್ಲ ಅಂತ ಹೇಳುವವರಿಗೆ ಉತ್ತರ ಬೇಡ, ಅದರಲ್ಲಿ ಯಾರ ತಳವೂ ಇಲ್ಲ.

ಚಟಪಟ, ಎರಡೆರಡು ಸದ್ದು, ತಪ್ಪು ಶ್ರುತಿ

ಚಟಪಟ ಅಂದರೆ ಮೊದಲು ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕೆಲಸ ಮಾಡುವ ಸ್ಯಾಂಪಲ್‌ಗಳ ಸಂಖ್ಯೆ. ಅದು ತೀರಾ ಕಡಿಮೆ ಇದ್ದರೆ ಚಟಪಟ, ಜಾಸ್ತಿ ಇದ್ದರೆ ಸದ್ದು ತಡ. 48 ಕಿಲೋಹರ್ಟ್ಸ್‌ನಲ್ಲಿ 128ರ ಬಫರ್ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, 256 ಆದರೆ 5.3. ಹೋಗಿ ಬರುವುದಕ್ಕೆ ಅದರ ಎರಡರಷ್ಟು, ಜೊತೆಗೆ ಇಂಟರ್‌ಫೇಸ್‌ನದ್ದು ಸ್ವಲ್ಪ. ನುಡಿಸುವಾಗ 128, ಮಿಕ್ಸ್ ಮಾಡುವಾಗ 512 ಅಥವಾ 1024. ವಿಂಡೋಸ್‌ನಲ್ಲಿ ಯಂತ್ರದ ಸ್ವಂತ ಎಎಸ್‌ಐಒ ಡ್ರೈವರ್ (ಸದ್ದಿನ ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿ, ಪವರ್ ಸೇವಿಂಗ್ ಆಫ್ ಮಾಡಿ.

ಎರಡೆರಡು ಸದ್ದು ಅಥವಾ ಕೊಳವೆಯೊಳಗೆ ನುಡಿಸಿದ ಹಾಗೆ ಕೇಳಿದರೆ ನೀವು ಮಾಡೆಲರ್‌ನಿಂದ ನೇರವಾಗಿಯೂ ಸಾಫ್ಟ್‌ವೇರ್ ಮೂಲಕವೂ ಒಟ್ಟಿಗೆ ಕೇಳುತ್ತಿದ್ದೀರಿ. ಒಂದನ್ನು ಆಫ್ ಮಾಡಿ. ಮಾಡೆಲರ್ ಇದ್ದವರು ಸಾಫ್ಟ್‌ವೇರ್ ಮಾನಿಟರಿಂಗ್ ಆಫ್ ಮಾಡಿದರೆ ಬಫರ್ ಚಿಂತೆಯೇ ಇಲ್ಲ.

ಇಡೀ ಟ್ರ್ಯಾಕ್ ಹೆಚ್ಚುಕಡಿಮೆ ಒಂದೂವರೆ ಸೆಮಿಟೋನ್ ಮೇಲೆ ಅಥವಾ ಕೆಳಗೆ ಇದ್ದರೆ 44.1 ಮತ್ತು 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟ್ ಅದಲುಬದಲಾಗಿದೆ. ಸೆಷನ್ ಮತ್ತು ಯಂತ್ರ ಎರಡರಲ್ಲೂ ಒಂದೇ ಇಡಿ.

ಮಳೆಗಾಲದ ದೋಷಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಇರಲಿ ಗೋವಾ ಇರಲಿ, ಗಾಳಿಯಲ್ಲೇ ನೀರು. ನಾಬ್ ತಿರುಗಿಸಿದಾಗ ಕರಕರ, ಕೇಬಲ್ ಅಲುಗಿಸಿದಾಗ ಸದ್ದು ಹೋಗಿ ಬರುವುದು, ಇವೆಲ್ಲ ಜ್ಯಾಕ್ ಮತ್ತು ಪಾಟ್‌ನಲ್ಲಿ (ನಾಬ್ ಕೆಳಗಿನ ಬಿಡಿಭಾಗ) ಕಿಲುಬು ಹಿಡಿದ ಲಕ್ಷಣ. ಕಾಂಟ್ಯಾಕ್ಟ್ ಕ್ಲೀನರ್ ಚೂರು ಸಿಂಪಡಿಸಿ ನಾಬ್ ಹತ್ತಾರು ಸಲ ತಿರುಗಿಸಿ, ಜ್ಯಾಕ್‌ಗೆ ಪ್ಲಗ್ ಹಾಕಿ ತೆಗೆದು ಮಾಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಇಡಿ. ಕೆಲವು ಫ್ರೆಟ್‌ಗಳಲ್ಲಿ ಮಾತ್ರ ಚರ್ ಅನ್ನುತ್ತಿದ್ದರೆ ನೆಕ್ ಬಾಗಿರಬಹುದು, ಅದು ಡ್ರೈ ಟ್ರ್ಯಾಕ್‌ನಲ್ಲೂ ಕೇಳಿಸುತ್ತದೆ. ತುಕ್ಕು ಹಿಡಿದ ತಂತಿಯ ಮಂಕನ್ನು ಟ್ರೆಬಲ್ ಏರಿಸಿ ಸರಿ ಮಾಡಲು ಹೋದರೆ ಬೆರಳಿನ ಕಿರಕಿರ ಮಾತ್ರ ಜಾಸ್ತಿ ಆಗುತ್ತದೆ. ಹೊಸ ತಂತಿ ಹಾಕಿ.

ಒಂಟಿಯಾಗಿ ಚೆನ್ನ, ಹಾಡಿನಲ್ಲಿ ಕಾಣೆ

ಗಣೇಶೋತ್ಸವದ ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುವವರಿಂದ ಈ ದೂರು ಪ್ರತಿ ವರ್ಷ ಬರುತ್ತದೆ. ಢೋಲ್, ತಾಸೆ, ಕೀಬೋರ್ಡ್ ಎಲ್ಲ ಸೇರಿದಾಗ ಬೇಸ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಪ್ರೀಸೆಟ್ ಒಂಟಿಯಾಗಿ ಕೇಳಿ ಸಿದ್ಧ ಮಾಡಿದ್ದರಿಂದ ಹೀಗೆ. ಹಾಡು ಓಡುತ್ತಿರುವಾಗಲೇ ಮಾಡೆಲರ್ ಸೆಟ್ ಮಾಡಿ. 30 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. 200ರಿಂದ 300 ನಡುವೆ ಸ್ವಲ್ಪ ಇಳಿಸಿ, ಕೆಸರು ಅಲ್ಲೇ ಇರುವುದು. 700ರಿಂದ 1000 ನಡುವೆ ಎರಡು ಮೂರು ಡಿಬಿ ಏರಿಸಿ, ಬೆರಳು ತಂತಿಗೆ ತಗುಲುವ ಸದ್ದು ಅಲ್ಲಿಂದ ಮುಂದೆ ಬರುತ್ತದೆ. ಡ್ರೈವ್ ಒಂಟಿಯಾಗಿ ಕೇಳಿದಾಗ ತುಸು ಅತಿ ಅನ್ನಿಸುವಷ್ಟು ಇರಲಿ, ಢೋಲ್ ಬಂದ ಮೇಲೆ ಅದು ಹದವಾಗಿಯೇ ಕೇಳಿಸುತ್ತದೆ. ಆಮೇಲೆ ಅದೇ ಮಿಕ್ಸ್ ಅನ್ನು ಮೊಬೈಲ್ ಸ್ಪೀಕರಿನಲ್ಲಿ ಹಾಕಿ. ತಳ ಅದರಲ್ಲಿ ಬರುವುದಿಲ್ಲ, ಆದರೆ ಬೇಸ್ ಲೈನ್ ಯಾವ ಸ್ವರಕ್ಕೆ ಹೋಯಿತು ಅಂತ ಹಿಂಬಾಲಿಸಲು ಆಗಬೇಕು. ಆಗದಿದ್ದರೆ ಆ 700ರ ಜಾಗವನ್ನು ಇನ್ನೊಂದು ಡಿಬಿ ಏರಿಸಿ.